ಘಟ್ಟದ ಮಂಜಿಗೂ ಒರೆಗಾನ್‌ ಕಾಡಿಗೂ ಒಂದೇ ಜಿಪಿಎಸ್‌: ಯಾವುದು ಕೊಳ್ಳಲಿ?

ಕೇಳಿದವರು: ಕಳಸದವಳು

ಎಲ್ಲರಿಗೂ ನಮಸ್ಕಾರ. ಊರು ಕಳಸದ ಪಕ್ಕ, ಹೊಟ್ಟೆಪಾಡು ಬೆಂಗಳೂರು. ಆಗಾಗ ಘಟ್ಟ ಹತ್ತದಿದ್ದರೆ ತಲೆ ಕೆಟ್ಟ ಹಾಗಾಗುತ್ತದೆ. ಇಷ್ಟು ದಿನ ಫೋನಿನಲ್ಲೇ ದಾರಿ ನೋಡಿಕೊಂಡು ಓಡಾಡಿದೆ. ಈಗ ಕೈಯಲ್ಲಿ ಹಿಡಿಯುವ ಜಿಪಿಎಸ್‌ ಒಂದನ್ನು ತರಿಸೋಣ ಅಂತ ಯೋಚನೆ.

ಮಳೆಗಾಲ ಮುಗಿಯುವ ಹೊತ್ತಿಗೆ ಮುಳ್ಳೋಡಿಯಿಂದ ಕುದುರೆಮುಖ ಹತ್ತಿದ್ದೆವು. ಇಳಿಯುವಾಗ ಹುಲ್ಲುಗಾವಲಿನ ಮೇಲೆ ಮಂಜು ಕವಿದು ಮುಂದಿದ್ದವರ ಬೆನ್ನೂ ಕಾಣದು. ಫೋನಿನ ಗಾಜಿನ ಮೇಲೆ ನೀರು ನಿಂತು, ನಾನು ಒಂದು ಕಡೆ ಒತ್ತಿದರೆ ಅದು ಇನ್ನೊಂದು ತೆರೆಯುತ್ತಿತ್ತು. ಜೊತೆಗಿದ್ದ ಗೈಡ್‌ ಅಣ್ಣನಿಗೆ ಕಣ್ಣು ಮುಚ್ಚಿದರೂ ದಾರಿ ಗೊತ್ತು, ಹಾಗಾಗಿ ತೊಂದರೆ ಆಗಲಿಲ್ಲ. ಆದರೂ ಮನಸ್ಸಿನಲ್ಲಿ ಉಳಿದುಬಿಟ್ಟಿತು.

ಇನ್ನೊಂದು ಕಾರಣ, ನಮ್ಮಣ್ಣ ಪೋರ್ಟ್‌ಲ್ಯಾಂಡಿನಲ್ಲಿದ್ದಾನೆ. ಅವನ ಮಗನಿಗೆ ಜಿಯೋಕ್ಯಾಶಿಂಗ್‌ ಹುಚ್ಚು. ಯಾರೋ ಕಾಡಿನಲ್ಲಿ, ಪಾರ್ಕಿನಲ್ಲಿ ಬಚ್ಚಿಟ್ಟ ಡಬ್ಬಿಯನ್ನು ಅಕ್ಷಾಂಶ ರೇಖಾಂಶ ಹಿಡಿದು ಹುಡುಕಿ, ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಇದ್ದ ಹಾಗೆ ಮತ್ತೆ ಮುಚ್ಚಿಟ್ಟು ಬರುವ ಆಟ. ಬೇಸಿಗೆಗೆ ಅಲ್ಲಿಗೆ ಹೋಗುವವಳಿದ್ದೇನೆ, ಅತ್ತೆಯನ್ನು ಆಟಕ್ಕೆ ಸೇರಿಸಿಕೊಂಡೇ ತೀರುತ್ತೇನೆ ಅನ್ನುತ್ತಾನೆ.

ಡಿಸೆಂಬರಿನಲ್ಲಿ ಅಣ್ಣ ಊರಿಗೆ ಬರುತ್ತಾನೆ. ಬೇಕಾದ್ದು ಹೇಳು, ತರುತ್ತೇನೆ ಅಂದಿದ್ದಾನೆ. ಹುಡುಗ ಮಾತ್ರ ಗಾರ್ಮಿನ್‌ ಜಿಪಿಎಸ್‌ಮ್ಯಾಪ್‌ 67ಐ ತಗೋ, ಅದರಲ್ಲಿ ಉಪಗ್ರಹದ ಮೂಲಕ ಮೆಸೇಜೂ ಹೋಗುತ್ತದೆ ಅಂತ ಒಂದೇ ಹಟ. ನನ್ನ ಕೈಲಿರುವುದು ಇಪ್ಪತ್ತೈದು ಸಾವಿರ, ಹೆಚ್ಚೆಂದರೆ ಇನ್ನೊಂದೆರಡು ಮೂರು. ಗಾರ್ಮಿನ್‌ ಪಟ್ಟಿ ನೋಡಿದರೆ ಇಟ್ರೆಕ್ಸ್‌ನಲ್ಲಿ ಎಸ್‌ಇ, 22ಎಕ್ಸ್‌, 32ಎಕ್ಸ್‌, ಸೋಲಾರ್‌, ಜಿಪಿಎಸ್‌ಮ್ಯಾಪ್‌ನಲ್ಲಿ 65ಎಸ್‌, 67, 67ಐ, ಹೀಗೆ ಮುಗಿಯುವುದೇ ಇಲ್ಲ. ಘಟ್ಟಕ್ಕೂ ಆಗಬೇಕು, ಆಟಕ್ಕೂ ಆಗಬೇಕು. ಬಳಸಿ ಗೊತ್ತಿರುವವರು ದಯವಿಟ್ಟು ಹೇಳಿ.


ಉತ್ತರ: ಹುಬ್ಬಳ್ಳಿ ಹೈದ

ಅಕ್ಕಾರ, ಸುಮ್ನ ರೊಕ್ಕ ಯಾಕ ಹಾಕ್ತೀರಿ? ಫೋನಿನ್ಯಾಗ ಆಸ್ಮ್ಯಾಂಡ್‌ ಅನ್ನೋ ನಕಾಶಿ ಆಪ್‌ ಹಾಕ್ಕೊಳ್ರಿ, ಮನ್ಯಾಗ ಇದ್ದಾಗನ ಕರ್ನಾಟಕದ ನಕಾಶಿ ಇಳಿಸಿ ಇಟ್ಕೊಳ್ರಿ. ಗುಡ್ಡ ಹತ್ತೂ ಮುಂದ ಏರೋಪ್ಲೇನ್‌ ಮೋಡ್‌ ಹಚ್ರಿ. ಬ್ಯಾಟರಿ ತಿನ್ನೋದು ಜಿಪಿಎಸ್‌ ಅಲ್ರಿ, ಇಲ್ಲದ ಟವರ್‌ ಹುಡುಕಿ ಹುಡುಕಿ ಫೋನು ಸಾಯ್ತದ. ಏರೋಪ್ಲೇನ್‌ ಮೋಡ್‌ನ್ಯಾಗೂ ಜಿಪಿಎಸ್‌ ಕೆಲಸ ಮಾಡ್ತದ, ಭಾಳ ಮಂದಿಗೆ ಇದು ಗೊತ್ತಿಲ್ಲ. ಒಂದು ಪವರ್‌ ಬ್ಯಾಂಕ್‌, ಒಂದು ಜಿಪ್‌ ಇರೋ ಪ್ಲಾಸ್ಟಿಕ್‌ ಚೀಲ, ಮುಗೀತು. ಜಿಯೋಕ್ಯಾಶಿಂಗ್‌ಗೂ ಫೋನಿನ ಆಪ್‌ ಐತಿ. ಉಳಿದ ರೊಕ್ಕದಾಗ ಛಲೋ ಬೂಟು ತಗೊಳ್ರಿ.


ಉತ್ತರ: ಹಳೇ ಸರಪಳಿ, ತೀರ್ಥಹಳ್ಳಿ

ಸರ್ವೆ ಇಲಾಖೆಯಲ್ಲಿ ನೌಕರಿ ಮುಗಿಸಿ ಮನೆಯಲ್ಲಿ ಕೂತವನು ನಾನು. ಸರಪಳಿ ಎಳೆದು, ಬಾಂದು ಕಲ್ಲು ಹುಡುಕಿ ಸವೆದ ಕಾಲು. ಈಗ ಕುಂದಾದ್ರಿ, ಕೊಡಚಾದ್ರಿ, ಆಗುಂಬೆ ಕಡೆ ಹುಡುಗರನ್ನು ಕಟ್ಟಿಕೊಂಡು ತಿರುಗುತ್ತೇನೆ. ಕುತ್ತಿಗೆಯಲ್ಲಿ 2011ರ ಮಾದರಿಯ ಇಟ್ರೆಕ್ಸ್‌ 30 ನೇತಾಡುತ್ತಿರುತ್ತದೆ. ಬರೆಯಲು ಕೂತರೆ ಉದ್ದವಾಗುತ್ತದೆ, ಬೇಸರವಾದವರು ದಾಟಿಸಿಕೊಂಡು ಹೋಗಿ.

ಹುಬ್ಬಳ್ಳಿಯವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಬಿಸಿಲಿನ ದಿನ ಸಾವನದುರ್ಗಕ್ಕೋ ಬಾದಾಮಿಯ ಬಂಡೆಗೋ ಹೋಗುವವರು ಬೇರೆ ಯಂತ್ರಕ್ಕೆ ದುಡ್ಡು ಸುರಿಯಬೇಕಾಗಿಲ್ಲ. ನಿಖರತೆಯಲ್ಲೂ ಫೋನು ಕೀಳಲ್ಲ. ಉಪಗ್ರಹ ಕಳಿಸುವ ಎಲ್‌1, ಎಲ್‌5 ಎರಡೂ ತರಂಗ ಹಿಡಿಯುವ ಫೋನಾದರೆ, ಬಂಡೆ ಸಂದಿಯಲ್ಲಿ ತರಂಗ ತಟ್ಟಿ ತಿರುಗುವ ಜಾಗದಲ್ಲಿ ನನ್ನ ಯಂತ್ರಕ್ಕಿಂತ ಸರಿಯಾಗಿಯೇ ಜಾಗ ಹೇಳೀತು. ನಮ್ಮ ಹಾಸನದ ಕೇಂದ್ರದಿಂದ ನೋಡಿಕೊಳ್ಳುವ, ಜಿಪಿಎಸ್‌ನಂಥ ನಮ್ಮ ದೇಶದ್ದೇ ನಾವಿಕ್‌ ಉಪಗ್ರಹಗಳೂ ಎಲ್‌5ನಲ್ಲಿ ಮಾತಾಡುತ್ತವೆ. ಆದ್ದರಿಂದ ದೊಡ್ಡ ಆಂಟೆನಾ, ದೊಡ್ಡ ನಿಖರತೆ ಎಂದು ಅಂಗಡಿಯವ ಹೇಳಿದರೆ ಪೂರ್ತಿ ನಂಬಬೇಡಿ.

ಹಾಗಿದ್ದೂ ನಾನು ಇದನ್ನೇ ಕಟ್ಟಿಕೊಂಡು ಓಡಾಡುವುದು ಗುಂಡಿಗಾಗಿ, ಸೆಲ್ಲಿಗಾಗಿ. ನೀವೇ ಕಂಡಿದ್ದೀರಲ್ಲ, ಗಾಜಿನ ಪರದೆಗೆ ಮಳೆಹನಿಯೂ ಬೆರಳೂ ಎರಡೂ ಒಂದೇ. ಮಳೆಗಾಲದ ಘಟ್ಟಕ್ಕೆ ಗುಂಡಿ ಇರುವ ಯಂತ್ರವೇ ಆಗಬೇಕು, ಮುಟ್ಟುವ ಪರದೆಯದು ಬೇಡ. ಇಟ್ರೆಕ್ಸ್‌ನಲ್ಲಿ ಮೇಲುಗಡೆ ಹೆಬ್ಬೆರಳಿನಿಂದ ಆಡಿಸುವ ಸಣ್ಣ ಕಡ್ಡಿಯೊಂದಿದೆ, ಉಳಿದ ಗುಂಡಿಗಳು ಪಕ್ಕದಲ್ಲಿ. ಕಾಲಿಗೆ ಹತ್ತಿದ ಇಂಬಳವನ್ನು ಒಂದು ಕೈಯಲ್ಲಿ ಕೀಳುತ್ತ ಇನ್ನೊಂದು ಕೈಯಲ್ಲಿ ದಾರಿ ನೋಡಬಹುದು. ನೀರು ತಡೆಯುವುದಕ್ಕೆ ಐಪಿಎಕ್ಸ್‌7 ಎಂಬ ಗುರುತು ನೋಡಿ: ಒಂದು ಮೀಟರ್‌ ಆಳದ ನೀರಿನಲ್ಲಿ ಅರ್ಧ ಗಂಟೆ ತಾಳಬೇಕು ಎಂದರ್ಥ. ಪರದೆಯೂ ಫೋನಿನ ಜಾತಿಯದಲ್ಲ, ಬಿಸಿಲು ಬಿದ್ದಷ್ಟೂ ಚೆನ್ನಾಗಿ ಕಾಣುತ್ತದೆ.

ಸೆಲ್ಲಿನ ವಿಚಾರ. 22ಎಕ್ಸ್‌, 32ಎಕ್ಸ್‌ ಎರಡಕ್ಕೂ ಬೇಕಾದದ್ದು ಎರಡೇ ಎರಡು ಪೆನ್ಸಿಲ್‌ ಸೆಲ್ಲು (ಎಎ), ಕಂಪನಿ ಹೇಳುವ ಲೆಕ್ಕ 25 ಗಂಟೆ. ಬಾಳೆಹೊನ್ನೂರಿನ ಕಿರಾಣಿ ಅಂಗಡಿಯಲ್ಲೂ ಸಿಗುವ ವಸ್ತು ಅದು. ಪವರ್‌ ಬ್ಯಾಂಕ್‌ ಖಾಲಿಯಾದರೆ ಕಾಡಿನಲ್ಲಿ ಕರೆಂಟು ಹುಡುಕಬೇಕು. ಸೆಲ್ಲಾದರೆ ಬಿಚ್ಚಿ ಬೇರೆ ಹಾಕಿ ಹೊರಟರಾಯಿತು. ಮರುಚಾರ್ಜ್‌ ಆಗುವ ನಿಕ್ಕಲ್‌ ಸೆಲ್ಲು ತಗೊಳ್ಳಿ, ನಾಲ್ಕು ಇದ್ದರೆ ವರ್ಷಾನುಗಟ್ಟಲೆ ಸಾಕು. ಒಂದು ಎಚ್ಚರ: ನಿಕ್ಕಲ್‌ ಸೆಲ್ಲು 1.2 ವೋಲ್ಟಿನದು, ಮಾಮೂಲಿ ಸೆಲ್ಲು 1.5ರದು. ಯಂತ್ರದ ಸೆಟ್ಟಿಂಗ್‌ಗೆ ಹೋಗಿ ಯಾವ ಜಾತಿಯ ಸೆಲ್ಲು ಹಾಕಿದ್ದೀರಿ ಎಂದು ಹೇಳದಿದ್ದರೆ, ತುಂಬಿದ ಸೆಲ್ಲನ್ನೂ ಅರ್ಧ ಖಾಲಿ ಎಂದು ತೋರಿಸುತ್ತದೆ.

ಈಗ 22ಎಕ್ಸ್‌ಗೂ 32ಎಕ್ಸ್‌ಗೂ ಏನು ವ್ಯತ್ಯಾಸ ಎನ್ನುವುದಕ್ಕೆ ಬರುತ್ತೇನೆ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದೇ ಇಲ್ಲಿ. ಎರಡೂ 2019ರಲ್ಲಿ ಬಂದವು, ಮೈಕಟ್ಟು ಒಂದೇ, ಪರದೆ 2.2 ಇಂಚು. 32ಎಕ್ಸ್‌ನಲ್ಲಿ ಹೆಚ್ಚಿಗೆ ಇರುವುದು ಎರಡು: ಎಲೆಕ್ಟ್ರಾನಿಕ್‌ ದಿಕ್ಸೂಚಿ, ಗಾಳಿಯೊತ್ತಡದಿಂದ ಎತ್ತರ ಅಳೆಯುವ ಮಾಪಕ.

ದಿಕ್ಸೂಚಿ ಇಲ್ಲದ ಯಂತ್ರಕ್ಕೆ ನೀವು ಯಾವ ಕಡೆ ಮುಖ ಮಾಡಿ ನಿಂತಿದ್ದೀರಿ ಎನ್ನುವುದು ಗೊತ್ತಾಗುವುದಿಲ್ಲ. ಎರಡು ಜಾಗದ ಲೆಕ್ಕ ಹಾಕಿ, ಇಲ್ಲಿಂದ ಅಲ್ಲಿಗೆ ಹೋದರು, ಹಾಗಾದರೆ ಇತ್ತ ಹೊರಟಿದ್ದಾರೆ ಎಂದು ಊಹೆ ಮಾಡುತ್ತದೆ. ನಡೆಯುತ್ತಿರುವಷ್ಟು ಹೊತ್ತು ಬಾಣ ಸರಿಯಾಗಿರುತ್ತದೆ. ನಿಂತಿರೋ, ಗಾಣದೆತ್ತಿನ ಹಾಗೆ ಸುತ್ತಲು ಶುರು. ಚಾರಣದ ದಾರಿಯಲ್ಲಿ ಇದರಿಂದ ಅಂಥ ತೊಂದರೆಯಿಲ್ಲ, ನಡೆಯುತ್ತಲೇ ಇರುತ್ತೀರಲ್ಲ. ಡಬ್ಬಿ ಹುಡುಕುವ ಆಟದಲ್ಲಿ ಮಾತ್ರ ಕೊನೆಯ ಇಪ್ಪತ್ತು ಹೆಜ್ಜೆ ನಿಂತು, ಬಗ್ಗಿ, ಮರದ ಸುತ್ತ ತಿರುಗಿ ಮಾಡುವ ಕೆಲಸ. ಅಲ್ಲಿ ದಿಕ್ಸೂಚಿ ಇರಲೇಬೇಕು. ಸೆಲ್ಲು ಬದಲಿಸಿದಾಗೆಲ್ಲ ದಿಕ್ಸೂಚಿಯನ್ನು ಒಮ್ಮೆ ಸರಿಪಡಿಸಿಕೊಳ್ಳಿ. ಹೇಗೆಂದು ಯಂತ್ರವೇ ಪರದೆಯ ಮೇಲೆ ತೋರಿಸುತ್ತದೆ. ಕಾರಿನ ಬಾನೆಟ್‌ ಮೇಲಿಟ್ಟು ಮಾಡಬೇಡಿ, ಕಬ್ಬಿಣ ಇರುವ ಕಡೆ ದಿಕ್ಕು ಕೆಡುತ್ತದೆ.

ಎತ್ತರದ ಮಾಪಕ ಇಲ್ಲದಿದ್ದರೂ ನಡೆದೀತು, ಇದ್ದರೆ ಖುಷಿ. ಉಪಗ್ರಹದ ಲೆಕ್ಕದಲ್ಲಿ ಎತ್ತರ ಯಾವಾಗಲೂ ಅಡ್ಡಡ್ಡದ ಜಾಗಕ್ಕಿಂತ ಒರಟು, ಯಾಕೆಂದರೆ ಉಪಗ್ರಹಗಳೆಲ್ಲ ತಲೆ ಮೇಲಿವೆ, ಕಾಲ ಕೆಳಗೆ ಒಂದೂ ಇಲ್ಲ. ಒತ್ತಡದ ಮಾಪಕವನ್ನು ಗೊತ್ತಿರುವ ಎತ್ತರದಲ್ಲಿ ಒಮ್ಮೆ ಹೊಂದಿಸಿದರೆ ಅದು ಹತ್ತಿದ ಇಳಿದ ಲೆಕ್ಕ ಚೆನ್ನಾಗಿ ಇಡುತ್ತದೆ. ಗೊತ್ತಿರುವ ಎತ್ತರ ಎಲ್ಲಿ ಸಿಗುತ್ತದೆ ಅಂದರೆ, ರೈಲು ನಿಲ್ದಾಣದ ಹಳದಿ ಬೋರ್ಡಿನ ಕೆಳಗಡೆ. ಸಮುದ್ರಮಟ್ಟದಿಂದ ಇಷ್ಟು ಮೀಟರ್‌ ಎಂದು ಬರೆದೇ ಇರುತ್ತದೆ. ಟೆಂಟಿನಲ್ಲಿ ಕೂತಲ್ಲೇ ಕೂತಿದ್ದರೂ ಮಾಪಕ ಇಪ್ಪತ್ತು ಮೂವತ್ತು ಮೀಟರ್‌ ಮೇಲೇರಿದೆ ಎಂದು ತೋರಿಸಿದರೆ, ಏರಿದ್ದು ಗುಡ್ಡವಲ್ಲ, ಇಳಿದದ್ದು ಗಾಳಿಯ ಒತ್ತಡ. ಮಳೆ ಬರುವ ಲಕ್ಷಣ, ಸಾಮಾನು ಒಳಗಿಡಿ.

ಎತ್ತರದ ಮಾತು ಬಂದಾಗ ಇನ್ನೊಂದು. ಕೆಲವು ಫೋನ್‌ ಆಪ್‌ಗಳು ಮಲ್ಪೆ ಕಡಲ ತೀರದಲ್ಲಿ ನಿಂತರೆ ಸಮುದ್ರಮಟ್ಟಕ್ಕಿಂತ ಎಂಬತ್ತು ತೊಂಬತ್ತು ಮೀಟರ್‌ ಕೆಳಗಿದ್ದೀರಿ ಎನ್ನುತ್ತವೆ. ಆಪ್‌ ಕೆಟ್ಟಿಲ್ಲ. ಜಿಪಿಎಸ್‌ ಲೆಕ್ಕ ಹಾಕುವುದು ಭೂಮಿಯನ್ನು ನುಣ್ಣನೆಯ ಮೊಟ್ಟೆಯಾಕಾರ ಎಂದುಕೊಂಡು. ನಿಜವಾದ ಸಮುದ್ರಮಟ್ಟ ದಕ್ಷಿಣ ಭಾರತದ ಕಡೆ ಆ ಮೊಟ್ಟೆಯ ಮೈಗಿಂತ ಅಷ್ಟು ಕೆಳಗೆ ತಗ್ಗಿದೆ. ಗಾರ್ಮಿನ್‌ ಯಂತ್ರಗಳು ಆ ತಗ್ಗನ್ನು ಕೂಡಿ ಕಳೆದು ತೋರಿಸುತ್ತವೆ. ನಮ್ಮ ಹುಡುಗರಲ್ಲಿ ಇಬ್ಬರು ಇದೇ ವಿಷಯಕ್ಕೆ ಜಗಳ ಆಡಿದ್ದರು, ಅದಕ್ಕೆ ಬರೆದೆ.

ಎಸ್‌ಇ, ಸೋಲಾರ್‌ ಎರಡೂ 2023ರವು. ಎಸ್‌ಇ ಎರಡು ಸೆಲ್ಲಿನಲ್ಲಿ 168 ಗಂಟೆ ಎನ್ನುತ್ತಾರೆ, ದಿಕ್ಸೂಚಿಯೂ ಇದೆ, ಬೆಲೆಯೂ ಕಡಿಮೆ. ಆದರೆ ಪರದೆ ಕಪ್ಪು ಬಿಳುಪು, ನಕ್ಷೆ ಇಲ್ಲವೇ ಇಲ್ಲ. ಖಾಲಿ ಪರದೆಯ ಮೇಲೆ ನೀವು ನಡೆದ ಗೆರೆ ಕಾಣುತ್ತದೆ, ಹೋಗಬೇಕಾದ ಬಿಂದು ಕಾಣುತ್ತದೆ, ನಡುವೆ ಹಳ್ಳ ಇದೆಯೋ ಪ್ರಪಾತ ಇದೆಯೋ ಅದಕ್ಕೆ ಗೊತ್ತಿಲ್ಲ. ಫೋನಿನ ಜೊತೆ ಜೋಡಿಯಾಗಿ ಬಳಸುವವರಿಗೆ ಸರಿ. ಘಟ್ಟಕ್ಕೆ ನಾನು ಅದನ್ನು ಹೇಳುವುದಿಲ್ಲ. 65ಎಸ್‌, 67 ಎರಡೂ ಎಲ್‌5 ಹಿಡಿಯುತ್ತವೆ, ಒಳ್ಳೆಯವು, ನಿಮ್ಮ ದುಡ್ಡಿಗೆ ಸಿಗುವುದಿಲ್ಲ. 67ಕ್ಕೆ ಸೆಲ್ಲೂ ಹಾಕಲಾಗದು, ಒಳಗೇ ಬ್ಯಾಟರಿ. 180 ಗಂಟೆ ಬರುತ್ತದೆ ಅನ್ನಿ.

ಒಟ್ಟಿನಲ್ಲಿ ನನ್ನ ಮಾತು 32ಎಕ್ಸ್‌.

ತಂದ ಮೇಲೆ ಅದನ್ನು ನಂಬುವುದು ಎಷ್ಟು ಎನ್ನುವುದೂ ಇದೆ. ಪರದೆಯ ಮೂಲೆಯಲ್ಲಿ ನಿಖರತೆ 3 ಮೀಟರ್‌ ಎಂದು ತೋರಿಸಿದರೆ ಅದು ಯಂತ್ರದ ಅಂದಾಜು, ಸರ್ಕಾರಿ ಮುದ್ರೆಯಲ್ಲ. ಬಯಲಿನಲ್ಲಿ ಮೂರರಿಂದ ಐದು ಮೀಟರ್‌ ಸಿಗುತ್ತದೆ. ಒದ್ದೆ ಎಲೆಯ ದಟ್ಟ ಕಾಡಿನಲ್ಲಿ, ಹಳ್ಳದ ಕೊರಕಲಿನಲ್ಲಿ ಹತ್ತು ಹದಿನೈದಕ್ಕೆ ಹೋದರೂ ಆಶ್ಚರ್ಯವಿಲ್ಲ. (ಇದನ್ನು ಹಿಡಿದುಕೊಂಡು ಪಕ್ಕದ ತೋಟದವರ ಮೇಲೆ ಹದ್ದುಬಸ್ತಿನ ಜಗಳಕ್ಕೆ ಹೊರಡುವವರು ಇದ್ದಾರೆ. ಬೇಡಿ. ಅದಕ್ಕೆ ಬೇರೆ ಯಂತ್ರ, ಬೇರೆ ಕ್ರಮ, ಕಚೇರಿಯಲ್ಲಿ ಅರ್ಜಿ.) ಡಬ್ಬಿ ಇಟ್ಟವನ ಯಂತ್ರದಲ್ಲೂ ಇಷ್ಟೇ ತಪ್ಪು ಇರುತ್ತದೆ, ನಿಮ್ಮದರಲ್ಲೂ ಇರುತ್ತದೆ, ಎರಡೂ ಸೇರುತ್ತವೆ. ಡಬ್ಬಿಗೆ ಇನ್ನು ಹತ್ತು ಮೀಟರ್‌ ಎಂದು ತೋರಿಸಿದ ಕೂಡಲೇ ಯಂತ್ರ ಜೇಬಿಗೆ ಹಾಕಿ ಕಣ್ಣು ಬಳಸಿ.

ಕಾರಿನಿಂದ ಇಳಿದ ಜಾಗದಲ್ಲೇ ಆನ್‌ ಮಾಡಿ, ಆಕಾಶ ಕಾಣುವ ಕಡೆ ಇಟ್ಟು, ಬೂಟಿನ ದಾರ ಕಟ್ಟಿಕೊಳ್ಳಿ. ಫೋನು ಟವರಿನ ಸಹಾಯದಿಂದ ಕ್ಷಣದಲ್ಲಿ ಜಾಗ ಹಿಡಿಯುತ್ತದೆ, ಇದಕ್ಕೆ ಎಲ್ಲವನ್ನೂ ಉಪಗ್ರಹದಿಂದಲೇ ಕೇಳಿ ತಿಳಿಯಬೇಕು. ಪೋರ್ಟ್‌ಲ್ಯಾಂಡಿನಲ್ಲಿ ಆರಿಸಿದ ಯಂತ್ರವನ್ನು ಕಳಸದಲ್ಲಿ ತೆರೆದರೆ ಮೊದಲ ಸಲ ಹತ್ತು ಹದಿನೈದು ನಿಮಿಷ ತಡಕಾಡೀತು, ಗಾಬರಿ ಬೇಡ. ಹೊರಡುವ ಮುಂಚೆ ಹಳೆಯ ಟ್ರ್ಯಾಕ್‌ ಅಳಿಸಿ ಹೊಸದು ಶುರು ಮಾಡಿ, ಜೀಪು ನಿಂತ ಜಾಗವನ್ನು ಗುರುತು ಹಾಕಿ. ಮಂಜು ಬಿದ್ದಾಗ ನಿಮ್ಮನ್ನು ಇಳಿಸುವುದು ಟ್ರ್ಯಾಕ್‌ಬ್ಯಾಕ್‌, ಹತ್ತಿದ ಗೆರೆಯ ಮೇಲೇ ವಾಪಸು ಬರುವುದು. ಕುದುರೆಮುಖದ ಹುಲ್ಲಿನಲ್ಲಿ ಕಾಟಿ ಓಡಾಡಿದ ದಾರಿ ಮನುಷ್ಯರ ದಾರಿಗಿಂತ ಚೊಕ್ಕಟವಾಗಿರುತ್ತದೆ. ಅದರಲ್ಲಿ ಐವತ್ತು ಹೆಜ್ಜೆ ಹೋದರೂ ಗೆರೆಯಿಂದ ಸರಿದದ್ದು ಪರದೆಯಲ್ಲಿ ಕಾಣುತ್ತದೆ.


ಉತ್ತರ: ಕುಂದಾಪ್ರದವ, ಸಿಯಾಟಲ್‌

ಮೊದಲು ಎಲ್ಲಕ್ಕಿಂತ ಮುಖ್ಯವಾದ ಮಾತು: 67ಐ ಬೇಡವೇ ಬೇಡ. 67ಕ್ಕೂ 67ಐಗೂ ನಡುವೆ ಇರುವ ಆ ಒಂದು ಅಕ್ಷರ ಅಂದರೆ ಇನ್‌ರೀಚ್‌, ಇರಿಡಿಯಂ ಉಪಗ್ರಹಕ್ಕೆ ಸಂದೇಶ ಕಳಿಸುವ ರೇಡಿಯೋ. ಅಮೆರಿಕದಲ್ಲಿ ಕಾಡಿಗೆ ಹೋಗುವವರಿಗೆ ಅದು ದೇವರಿದ್ದ ಹಾಗೆ, ಆದರೆ ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಉಪಗ್ರಹ ಫೋನು, ಉಪಗ್ರಹ ಸಂದೇಶದ ಸಾಧನ ಇಟ್ಟುಕೊಳ್ಳುವುದು ಅಪರಾಧ. ಗೊತ್ತಿಲ್ಲದೆ ತಂದ ವಿದೇಶಿ ಚಾರಣಿಗರನ್ನು ವಿಮಾನ ನಿಲ್ದಾಣದಲ್ಲೇ ತಡೆದು ಪೊಲೀಸರಿಗೆ ಒಪ್ಪಿಸಿದ್ದು ಪತ್ರಿಕೆಗಳಲ್ಲಿ ಬಂದಿದೆ. ಆಫ್‌ ಮಾಡಿಟ್ಟಿದ್ದೆ ಅಂದರೆ ಕೇಳುವುದಿಲ್ಲ. ನಿಮ್ಮಣ್ಣ ರಜೆಗೆ ಬಂದವರು ಠಾಣೆಯಲ್ಲಿ ಕೂರುವುದು ಬೇಡ. ಹುಡುಗನ ಬ್ಯಾಗಿನಲ್ಲಿ ಅವನದೇ ಇನ್‌ರೀಚ್‌ ಇದ್ದರೆ ಅದನ್ನೂ ಅಲ್ಲೇ ಬಿಟ್ಟು ಬರಲು ಹೇಳಿ. ಮಕ್ಕಳು ಬ್ಯಾಗಿಗೆ ಸಿಕ್ಕಿಸಿಕೊಂಡೇ ಹೊರಟುಬಿಡುತ್ತವೆ.

32ಎಕ್ಸ್‌ ಬರೀ ಕೇಳುವ ಯಂತ್ರ, ಆಕಾಶಕ್ಕೆ ಏನನ್ನೂ ಕಳಿಸುವುದಿಲ್ಲ. ಆದರೂ ಸೆಕ್ಯುರಿಟಿಯಲ್ಲಿ ಇದೇನು ಎಂದು ಕೇಳಿಯಾರು, ಬಿಲ್ಲು, ಕೈಪಿಡಿ ಜೊತೆಗಿರಲಿ.

ಇನ್ನು ಆಟದ ಕಡೆ. ತೀರ್ಥಹಳ್ಳಿ ರಾಯರು ದಿಕ್ಸೂಚಿ ಬಗ್ಗೆ ಬರೆದದ್ದಕ್ಕೆ ನನ್ನದೂ ಸಹಿ. ಅದಲ್ಲದೆ ನೋಡಬೇಕಾದ್ದು, ಡಬ್ಬಿಯ ವಿವರ ಪೂರ್ತಿ ಯಂತ್ರದೊಳಗೆ ಕೂರುತ್ತದಾ ಅಂತ. 22ಎಕ್ಸ್‌, 32ಎಕ್ಸ್‌ ಎರಡರಲ್ಲೂ ಕೂರುತ್ತದೆ. ಜಿಯೋಕ್ಯಾಶಿಂಗ್‌ ಡಾಟ್‌ ಕಾಮ್‌ನಲ್ಲಿ ದುಡ್ಡು ಕೊಟ್ಟ ಸದಸ್ಯರು ಪಾಕೆಟ್‌ ಕ್ವೆರಿ ಎಂಬುದರಿಂದ ಒಂದು ಊರಿನ ಸುತ್ತಲಿನ ಸಾವಿರದವರೆಗೆ ಕ್ಯಾಶ್‌ಗಳ (ಬಚ್ಚಿಟ್ಟ ಡಬ್ಬಿಗೆ ಈ ಆಟದಲ್ಲಿ ಹೀಗೆನ್ನುತ್ತಾರೆ) ವಿವರವನ್ನು ಜಿಪಿಎಕ್ಸ್‌ ಕಡತವಾಗಿ ಇಳಿಸಿಕೊಳ್ಳಬಹುದು. ಯುಎಸ್‌ಬಿ ಹಾಕಿ ಯಂತ್ರಕ್ಕೆ ತುಂಬಿದರೆ ಸುಳಿವು, ಹಿಂದಿನವರು ಬರೆದದ್ದು, ಕಷ್ಟ ಎಷ್ಟು, ದಾರಿ ಎಷ್ಟು ಕಠಿಣ ಎಂದು 1ರಿಂದ 5ರ ಅಂಕ, ಎಲ್ಲ ಕೈಯಲ್ಲೇ. ಹುಡುಗ ಸದಸ್ಯನಾಗಿದ್ದರೆ ಅವನ ಹತ್ತಿರವೇ ಮಾಡಿಸಿಕೊಳ್ಳಿ. ವೈರು ಮಾತ್ರ ಹಳೇ ಕಾಲದ ಮಿನಿ ಯುಎಸ್‌ಬಿ, ಕಳೆದರೆ ಪಕ್ಕದವರ ಮನೆಯಲ್ಲಿ ಸಿಗುವ ಜಾತಿಯಲ್ಲ.

ಜಾಗದ ಅಂಕಿ ಬರೆಯುವ ರೀತಿಯನ್ನು ಸೆಟ್ಟಿಂಗ್‌ನಲ್ಲಿ ನೋಡಿಕೊಳ್ಳಿ. ಈ ಆಟದಲ್ಲಿ ಡಿಗ್ರಿ, ಮಿನಿಟು, ಮಿನಿಟಿನ ಮೂರು ದಶಾಂಶ. 45° 17.347' ಅಂದರೆ ಹದಿನೇಳು ಮಿನಿಟು, ಮೇಲೆ ಸಾವಿರದಲ್ಲಿ 347 ಪಾಲು. ಅದನ್ನು 34.7 ಸೆಕೆಂಡು ಎಂದು ಓದಿದರೆ ನಾನೂರು ಮೀಟರಿಗೂ ಆಚೆ ಯಾರದೋ ಹಿತ್ತಲಿಗೆ ಹೋಗಿ ನಿಲ್ಲುತ್ತೀರಿ. ಕೊನೆಯ ಒಂದು ಅಂಕಿ ಬದಲಾದರೆ ನೆಲದ ಮೇಲೆ ಉತ್ತರ ದಕ್ಷಿಣಕ್ಕೆ 1.85 ಮೀಟರ್‌.

ಪೋರ್ಟ್‌ಲ್ಯಾಂಡಿಗೆ ಬರುವವರು ಅದೃಷ್ಟವಂತರು, ಆಟ ಹುಟ್ಟಿದ್ದೇ ಅಲ್ಲಿ. 2000ದ ಮೇ ಮೊದಲಿಗೆ ಅಮೆರಿಕ ಸರ್ಕಾರ ನಾಗರಿಕರ ಜಿಪಿಎಸ್‌ನಲ್ಲಿ ಬೇಕೆಂದೇ ಸೇರಿಸುತ್ತಿದ್ದ ತಪ್ಪನ್ನು ನಿಲ್ಲಿಸಿತು. ಅಲ್ಲಿಯವರೆಗೆ ನೂರು ಮೀಟರ್‌ ಆಚೀಚೆ ತೋರಿಸುತ್ತಿದ್ದ ಯಂತ್ರ ರಾತ್ರಿ ಕಳೆಯುವುದರೊಳಗೆ ಹತ್ತು ಇಪ್ಪತ್ತು ಮೀಟರಿಗೆ ಇಳಿಯಿತು. ಮೇ 3ರಂದು ಡೇವ್‌ ಅಲ್ಮರ್‌ ಎನ್ನುವವರು ಬೀವರ್‌ಕ್ರೀಕ್‌ ಹತ್ತಿರ ರಸ್ತೆ ಬದಿಯ ಕಾಡಿನಲ್ಲಿ ಒಂದು ಬಕೆಟ್‌ ಅರ್ಧ ಹೂತಿಟ್ಟು, ಅದರ ಜಾಗವನ್ನು ಇಂಟರ್ನೆಟ್ಟಿನಲ್ಲಿ ಹಾಕಿದರು. ಒಳಗೆ ಪುಸ್ತಕ, ಕವಣೆ, ಒಂದು ಡಬ್ಬಿ ಬೀನ್ಸ್‌. ಈಗ ಅಲ್ಲಿ ನೆನಪಿನ ಫಲಕ ಇದೆ, ಅದೂ ಒಂದು ಕ್ಯಾಶೇ. ಆ ಫಲಕ, ಸಿಯಾಟಲ್‌ನ ಫ್ರೀಮಾಂಟ್‌ನಲ್ಲಿರುವ ಜಿಯೋಕ್ಯಾಶಿಂಗ್‌ ಕೇಂದ್ರ ಕಚೇರಿ, ಸ್ನೊಕ್ವಾಲ್ಮಿ ಹಳೇ ರೈಲು ಸುರಂಗದ ಆಚೆಯ ಏಪ್‌ ಕ್ಯಾಶ್‌, ಈ ಮೂರನ್ನೂ ಮುಟ್ಟಬೇಕು ಅನ್ನುವುದು ಆಟಗಾರರ ತೀರ್ಥಯಾತ್ರೆ. ಸುರಂಗ ಮೂರೂವರೆ ಕಿಲೋಮೀಟರಿಗೂ ಹೆಚ್ಚು ಉದ್ದ, ಬೇಸಿಗೆಯಲ್ಲೂ ಒಳಗೆ ನಡುಕ, ಟಾರ್ಚು ಸ್ವೆಟರು ಮರೆಯಬೇಡಿ. ಚಳಿಗಾಲದಲ್ಲಿ ಮುಚ್ಚಿರುತ್ತಾರೆ.

ಜೇಬಿನಲ್ಲಿ ಪೆನ್ನು ಇರಲಿ, ನ್ಯಾನೊ ಎಂಬ ಕಿರುಬೆರಳ ತುದಿಯಷ್ಟು ಡಬ್ಬಿಯಲ್ಲಿ ಪೆನ್ನು ಹಿಡಿಸುವುದಿಲ್ಲ. ಒರೆಗಾನ್‌ ಕಾಡಿನಲ್ಲಿ ಮೂರು ಮೂರು ಎಲೆಯ ಗೊಂಚಲಿರುವ ಪಾಯ್ಸನ್‌ ಓಕ್‌ ಗಿಡವನ್ನು ಹುಡುಗನಿಂದ ಗುರುತು ಮಾಡಿಸಿಕೊಳ್ಳಿ. ನಮ್ಮ ತುರಿಕೆ ಗಿಡ ತಾಗಿದ ಕ್ಷಣವೇ ಗೊತ್ತಾಗುತ್ತದೆ, ಇದು ಒಂದೆರಡು ದಿನ ಬಿಟ್ಟು ಏಳುತ್ತದೆ.


ಉತ್ತರ: ಕಳಸದವಳು

ಅಬ್ಬ, ಇಷ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಧನ್ಯವಾದ. 67ಐ ವಿಷಯ ಅಣ್ಣನಿಗೆ ಆಗಲೇ ಫೋನ್‌ ಮಾಡಿ ಹೇಳಿದೆ. ಹುಡುಗನ ಮುಖ ಬಾಡಿದ್ದು ವಿಡಿಯೊದಲ್ಲೇ ಕಂಡಿತು.

ಸರ್‌, ಇನ್ನೆರಡು ಕೇಳಲಾ? ಅಲ್ಲಿಂದ ತಂದ 32ಎಕ್ಸ್‌ನಲ್ಲಿ ನಮ್ಮ ಘಟ್ಟದ ನಕ್ಷೆ ಇರುತ್ತದೆಯೇ? ಆಮೇಲೆ, ಹುಡುಗ ಊರಿಗೆ ಬಂದಾಗ ಕುದುರೆಮುಖದ ದಾರಿಯಲ್ಲಿ ನಮ್ಮದೇ ಒಂದು ಡಬ್ಬಿ ಇಡೋಣ ಅನ್ನುತ್ತಿದ್ದಾನೆ. ಇಡಬಹುದೇ?


ಉತ್ತರ: ಹಳೇ ಸರಪಳಿ, ತೀರ್ಥಹಳ್ಳಿ

ನೋಡಮ್ಮ, ನಕ್ಷೆ ಮೊದಲು. ಯಂತ್ರದೊಳಗೆ ಬರುವುದು ಅದು ಮಾರಾಟವಾದ ದೇಶದ ನಕ್ಷೆ. ಅಮೆರಿಕದ್ದರಲ್ಲಿ ಒರೆಗಾನಿನ ಕಾಲುದಾರಿ ಎಲ್ಲ ಇರುತ್ತದೆ, ಕಳಸದ ಕಡೆ ಹೆಸರಿಗೆ ನಾಲ್ಕು ಗೆರೆ. ಚಿಂತೆ ಬೇಡ. ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಮಾಡಿದ ಗಾರ್ಮಿನ್‌ ನಕ್ಷೆಗಳು ಪುಕ್ಕಟೆ ಸಿಗುತ್ತವೆ, ಓಪನ್‌ಟೋಪೋಮ್ಯಾಪ್‌ನವರು ಎತ್ತರದ ಗೆರೆ ಸಮೇತ ಕೊಡುತ್ತಾರೆ. ಭಾರತದ ಕಡತ ಇಳಿಸಿ, ಮೆಮೊರಿ ಕಾರ್ಡಿನಲ್ಲಿ ಗಾರ್ಮಿನ್‌ ಎಂಬ ಫೋಲ್ಡರ್‌ ಮಾಡಿ ಅದರೊಳಗೆ ಹಾಕಿ, ಸೆಟ್ಟಿಂಗ್‌ನಲ್ಲಿ ಆ ನಕ್ಷೆಯನ್ನು ಆರಿಸಿದರೆ ಮುಗಿಯಿತು. ಕುದುರೆಮುಖ, ಕುಮಾರಪರ್ವತದಂಥ ಜನ ನಡೆಯುವ ದಾರಿಗಳನ್ನು ಯಾರೋ ಪುಣ್ಯಾತ್ಮರು ಗೆರೆ ಎಳೆದಿದ್ದಾರೆ. ಎಳೆಯದ ದಾರಿಯೂ ಬೇಕಾದಷ್ಟಿದೆ, ಇಲ್ಲದ್ದನ್ನು ಇಲ್ಲ ಎಂದೇ ತಿಳಿದು ನಡೆಯಿರಿ.

ಹಳೆಯ ಟೊಪೊ ಶೀಟು (ಎತ್ತರದ ಗೆರೆ ಇರುವ ಸರ್ಕಾರಿ ನಕ್ಷೆ) ಸಿಕ್ಕಿ ಅದರಿಂದ ಅಂಕಿ ಓದಿ ಯಂತ್ರಕ್ಕೆ ಹಾಕುವ ಆಸೆ ಬಂದರೆ ಸ್ವಲ್ಪ ತಾಳಿ. ಆ ಶೀಟುಗಳು ಭೂಮಿಯ ಆಕಾರಕ್ಕೆ ಹಿಡಿದದ್ದು ಎವರೆಸ್ಟ್‌ ಎಂಬ ಹಳೆಯ ಲೆಕ್ಕ, ಜಿಪಿಎಸ್‌ ಮತ್ತು ಈ ಆಟ ಡಬ್ಲ್ಯುಜಿಎಸ್‌ 84 ಲೆಕ್ಕದವು. ಹಾಗೇ ಹಾಕಿದರೆ ನಮ್ಮ ಕಡೆ ನೂರು ಮೀಟರಿಗೂ ಹೆಚ್ಚು ಪಕ್ಕಕ್ಕೆ ಹೋಗುತ್ತದೆ. ಈ ಲೆಕ್ಕಕ್ಕೆ ಯಂತ್ರದ ಸೆಟ್ಟಿಂಗ್‌ನಲ್ಲಿ ಡೇಟಮ್‌ ಎನ್ನುತ್ತಾರೆ, ಅದನ್ನು ಬದಲಿಸಿ ಹಾಕಬಹುದು, ಹಾಕಿದ ಮೇಲೆ ಮತ್ತೆ 84ಕ್ಕೆ ತಿರುಗಿಸಿಡಿ.

ಡಬ್ಬಿಯ ವಿಚಾರಕ್ಕೆ ಖಡಾಖಂಡಿತ ಬೇಡ ಎನ್ನುತ್ತೇನೆ. ಕುದುರೆಮುಖ ರಾಷ್ಟ್ರೀಯ ಉದ್ಯಾನ. ಆನ್‌ಲೈನಿನಲ್ಲಿ ಚೀಟಿ ಮಾಡಿಸಿ, ಗೈಡ್‌ ಜೊತೆ ಹೋಗಿ ಬರುವ ಜಾಗ. ಅಲ್ಲಿ ಪ್ಲಾಸ್ಟಿಕ್‌ ಡಬ್ಬಿ ಬಿಟ್ಟು ಬಂದರೆ ಅರಣ್ಯದವರ ಕಣ್ಣಿಗೆ ಅದು ಕಸ, ಮಂಗನ ಕೈಗೆ ಸಿಕ್ಕರೆ ತಿಂಡಿ. ಬೆಂಗಳೂರಿನ ಬಸ್‌ ಸ್ಟ್ಯಾಂಡ್‌ ಪಕ್ಕ ವಾರಸುದಾರರಿಲ್ಲದ ಸ್ಟೀಲ್‌ ಡಬ್ಬಿ ಇಟ್ಟರೆ ಏನಾಗುತ್ತದೆ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಆಟದ ನಿಯಮದಲ್ಲೇ ಜಾಗದ ಒಡೆಯರ ಒಪ್ಪಿಗೆ ಬೇಕು ಎಂದಿದೆಯಂತೆ. ಹಾಗಿದ್ದರೆ ಸುಲಭ, ನಿಮ್ಮ ಮನೆಯ ಕಾಫಿ ತೋಟದಲ್ಲೇ ಇಡಿ. ಇಡುವ ಜಾಗದ ಅಂಕಿಯನ್ನು ಒಂದು ಸಲ ಒತ್ತಿ ಬಿಡಬೇಡಿ. ವೇಪಾಯಿಂಟ್‌ ಆವರೇಜಿಂಗ್‌ ಎಂಬ ಆಯ್ಕೆ ಇದೆ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಮರುದಿನ ಒಮ್ಮೆ ಅದೇ ಜಾಗದಲ್ಲಿ ಇಟ್ಟು ಸರಾಸರಿ ತೆಗೆಯಿರಿ. ಉಪಗ್ರಹಗಳು ಜಾಗ ಬದಲಿಸಿರುತ್ತವೆ, ತಪ್ಪು ಒಂದೇ ಕಡೆಗೆ ವಾಲುವುದಿಲ್ಲ. ಸಿಲ್ವರ್‌ ಮರದ ನೆರಳಿನಲ್ಲಿ ಇದು ಬೇಕೇ ಬೇಕು.


ಉತ್ತರ: ಕುಂದಾಪ್ರದವ, ಸಿಯಾಟಲ್‌

ಒಪ್ಪಿಗೆಯ ನಿಯಮ ಇರುವುದು ನಿಜ. ಜೊತೆಗೆ ಇನ್ನೊಂದು ಡಬ್ಬಿಯಿಂದ 161 ಮೀಟರ್‌ ದೂರ ಇರಬೇಕು. ಕಳಸದಲ್ಲಿ ಆ ತಾಪತ್ರಯ ಬರಲಾರದು ಬಿಡಿ.

ಡಬ್ಬಿಯೇ ಬೇಡದ ದಾರಿಯೂ ಇದೆ, ಅರ್ಥ್‌ಕ್ಯಾಶ್‌ ಅಂತ. ಅಮೆರಿಕದ ಜಿಯಲಾಜಿಕಲ್‌ ಸೊಸೈಟಿ 2004ರಲ್ಲಿ ಶುರು ಮಾಡಿದ್ದು. ಕಲ್ಲಿನ ಕಥೆ ಬರೆದು, ಅಲ್ಲಿಗೆ ಹೋಗಿ ಕಣ್ಣಾರೆ ನೋಡಿದವರಷ್ಟೇ ಉತ್ತರಿಸಬಲ್ಲ ಪ್ರಶ್ನೆ ಹಾಕುವುದು. ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್‌ ಮೇರಿಸ್‌ ದ್ವೀಪದ ಕಂಬಗಲ್ಲುಗಳು, ಲಾಲ್‌ಬಾಗ್‌ ಬಂಡೆ ಎರಡೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು, ಈ ಆಟಕ್ಕೆ ಹೇಳಿ ಮಾಡಿಸಿದಂತಿವೆ. ಹುಡುಗ ಬಂದಾಗ ಹತ್ತಿರದಲ್ಲಿ ಆಗಲೇ ಯಾರಾದರೂ ಮಾಡಿದ್ದಾರಾ ಅಂತ ನಕ್ಷೆಯಲ್ಲಿ ನೋಡಿಕೊಂಡು ಹೊರಡಿ.


ಉತ್ತರ: ಹುಬ್ಬಳ್ಳಿ ಹೈದ

ಅಜ್ಜಾರ, ನೀವು ಹೇಳಿದ್ದೆಲ್ಲಾ ಓದಿದ ಮ್ಯಾಲ ನನಗೂ ಒಂದು ಬೇಕನ್ನಿಸಾಕತ್ತೈತಿ. ಹಳೇ ಇಟ್ರೆಕ್ಸ್‌ ಸೆಕೆಂಡ್‌ ಹ್ಯಾಂಡ್‌ ತಗೋಬಹುದಾ?


ಉತ್ತರ: ಹಳೇ ಸರಪಳಿ, ತೀರ್ಥಹಳ್ಳಿ

ತಗೋಬಹುದು. ಸೆಲ್ಲು ಕೂರುವ ಜಾಗ ತೆರೆದು ನೋಡು, ಸ್ಪ್ರಿಂಗಿನ ಮೇಲೆ ಹಸಿರು ಕಿಲುಬು ಇದ್ದರೆ ಬಿಟ್ಟುಬಿಡು. ಸುತ್ತಲಿನ ರಬ್ಬರ್‌ ಸಡಿಲವಾಗಿದೆಯೇ, ಕಡ್ಡಿ ನಾಲ್ಕೂ ಕಡೆ ಆಡುತ್ತದೆಯೇ ನೋಡು. ಬಯಲಿಗೆ ತಂದು ಉಪಗ್ರಹದ ಪುಟ ತೆಗೆದು ಕಂಬಿಗಳು ಏರುವುದನ್ನು ಕಂಡ ಮೇಲೆ ದುಡ್ಡು ಕೊಡು. ಹಳೇ 20, 30ರ ಹೆಸರಿನ ಕೊನೆಗೆ ಎಕ್ಸ್‌ ಇದ್ದರೆ ಒಳಗಿನ ಜಾಗ ಹೆಚ್ಚು, ಪರದೆ ನಯ.

ಕಳಸದಮ್ಮ, ನಿಮಗೆ ಹೇಳಲು ಬಿಟ್ಟದ್ದು: ಮೆಮೊರಿ ಕಾರ್ಡ್‌ 32 ಜಿಬಿಗಿಂತ ದೊಡ್ಡದು ಬೇಡ, ಯಂತ್ರ ಹಿಡಿಯುವುದಿಲ್ಲ. ಕಾರ್ಡು ಕೂರುವುದು ಸೆಲ್ಲಿನ ಕೆಳಗೆ, ಮಳೆಯಲ್ಲಿ ತೆರೆಯುವ ಪ್ರಮೇಯ ಬರದಂತೆ ಮನೆಯಲ್ಲೇ ಹಾಕಿ ಬಿಡಿ.